ಗುಳೆ ಬಸ್ಸು ಹತ್ತುವ ಕೆಲಸ

ದೇವದುರ್ಗ, ಸೋಮವಾರ

ಶಿಕ್ಷಣ ಸುಧಾರಣಾ ಸಮಿತಿಯ ಅಧ್ಯಕ್ಷರಿಗೆ, ಕುರ್ಚಿಯಲ್ಲಿ ಕುಳಿತ ಗಣ್ಯರಿಗೆ, ಕುರ್ಚಿ ಸಿಗದ ಅನ್ಯರಿಗೆ ನಮಸ್ಕಾರ.

ನಾಳೆ ರಾಯಚೂರಿನ ಸಭೆಯಲ್ಲಿ ಶಾಸಕರ ಎದುರು ನನ್ನನ್ನು ಯುವ ಕಾರ್ಯಕರ್ತ ಎಂದು ವೇದಿಕೆಗೆ ಕರೆಯಲಿದ್ದೀರಿ. ಈ ಕೆಲಸ ನಿಮ್ಮ ಸುಧಾರಣೆಯ ಕರಡು ಯೋಜನೆಗೆ ಸೇರುವುದೋ ಇಲ್ಲವೋ ನಾಳೆಯೇ ತೀರ್ಮಾನ.

ಕೆಲಸವೆಂದರೆ, ಓದು ಬಿಡಿಸಿ ಮಕ್ಕಳನ್ನು ದೂರದೂರಿಗೆ ಕೂಲಿಗಾಗಿ ಗುಳೆ ಕರೆದೊಯ್ಯುವ ಬಸ್ಸು ಹತ್ತಿ, ಮಕ್ಕಳನ್ನು ಇಳಿಸಿ ಶಾಲೆಗೆ ಕಳಿಸುವಂತೆ ಮನೆಯವರನ್ನು ಒಪ್ಪಿಸುವುದು. ಹೋದ ತಿಂಗಳು ಒಬ್ಬ ತಂದೆ ಕೇಳಿದ:

"ಮಗಳನ್ನ ಇಳಿಸಿದ್ರ ಆಕಿ ಕೆಲಸ ಯಾರು ಮಾಡ್ತಾರ?"

"ನಾನ ಬರ್ತೀನ್ರೀ ಯಪ್ಪಾ, ಎಲ್ಲಿ ಕುಂದ್ರಲಿ ಹೇಳ್ರಿ" ಎಂಬ ಉತ್ತರ ಬಂತು.

ಮಾನ್ವಿ ಬರುವಷ್ಟರಲ್ಲಿ ಆತ ಸೋತು, "ಇಬ್ರೂ ಇಳೀರಿ, ನಿನ್ನ ಮಾತು ಕೇಳಿ ತಲಿ ನೋಯಾಕತ್ತದ" ಎಂದ. ಆ ಹುಡುಗಿ ಈಗ ಪರೀಕ್ಷೆಗೆ ಓದುತ್ತಿದ್ದಾಳೆ.

ಒಂದು ವಿನಂತಿ. ನಾಳೆ ನನ್ನನ್ನು ಕರೆಯಬೇಡಿ. ಹಿಂದಿನ ಸಾಲಿನಲ್ಲಿ ನನ್ನ ಜೊತೆಗಾರ್ತಿ ಮೌನೇಶ್ವರಿ ಕೂತಿರುತ್ತಾಳೆ, ಆಕೆಯನ್ನು ಕರೆಯಿರಿ. ನಿಮ್ಮ ಅರ್ಜಿ ನಮೂನೆಯಲ್ಲಿ ಪದವೀಧರರೇ ಬೇಕೆಂದಿದ್ದಿರಿ. ಪಿಯುಸಿ ಫೇಲಾದ ಆಕೆಯ ಹತ್ತಿರ ಮಾತಿದೆ, ನನ್ನ ಹತ್ತಿರ ಮಾರ್ಕ್ಸ್ ಕಾರ್ಡಿದೆ. ಅದಕ್ಕೇ ನನ್ನ ಹೆಸರು ಬರೆದೆವು. ನಾಳೆಯೂ ನಾನೇ ಮಾತಾಡಿದರೆ ಮಾನ್ಯತೆ ಮಾರ್ಕ್ಸ್ ಕಾರ್ಡಿಗೇ ಸಿಗುತ್ತದೆ. ಇದನ್ನು ಓದಿ ಅರ್ಜಿಯನ್ನೇ ನೀವು ತಳ್ಳಿಹಾಕಬಹುದು, ಗೊತ್ತು.

ಆದರೂ ಹೇಳುತ್ತೇನೆ: ಆ ಬಸ್ಸನ್ನು ನಾನು ಒಮ್ಮೆಯೂ ಹತ್ತಿಲ್ಲ.

ಇಂತಿ,
ನಿಂಗರಾಜ, ಬಿ.ಎ.