ಹೊಲಿದು ಹಚ್ಚಿದ ಸೆರಗು

ಇಳಕಲ್, ೧೨ ಮಾರ್ಚ್ ೧೯೭೮, ರವಿವಾರ

ಆ ಗೆಜ್ಜೆಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಪಕ್ಕದ ಮನೆಯ ನೇಕಾರ ಖಾಸಿಂಸಾಬನ ಜೊತೆ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ದೆವ್ವದ ಸಿನಿಮಾ. ಸತ್ತ ಹೆಂಡತಿಯ ಗೆಜ್ಜೆ ಸಪ್ಪಳ ದಿನಾ ಸಂಜೆ ಅಡುಗೆಮನೆಯಲ್ಲಿ ಕೇಳುತ್ತದೆ. ಗಂಡ ಮೊದಲು ಹೆದರುತ್ತಾನೆ, ಆಮೇಲೆ ಆ ಸಪ್ಪಳಕ್ಕೇ ಕಾಯತೊಡಗುತ್ತಾನೆ. ಬದುಕಿದ್ದಾಗ ಅವಳ ಜೊತೆ ನೆಟ್ಟಗೆ ಮಾತಾಡದವನು ಕೊನೆಗೆ ಕತ್ತಲಿಗೆ ಕೈಮುಗಿದು ತಪ್ಪಾಯಿತು ಎನ್ನುತ್ತಾನೆ. ಅಲ್ಲಿಯವರೆಗೆ ನಾನು ಒಂದು ಬೀಡಿಯನ್ನೂ ಹಚ್ಚಿರಲಿಲ್ಲ.

ಆಗ ಬಾಗಿಲ ಹಿಂದಿನಿಂದ ಅವನ ತಮ್ಮ ಹೊರಬಂದ, ಕೈಯಲ್ಲಿ ಗೆಜ್ಜೆ. ಅಣ್ಣನಿಗೆ ಹುಚ್ಚು ಹಿಡಿಸಿ ಹೊಲ ಲಪಟಾಯಿಸಲು ಆಡಿದ ನಾಟಕವಂತೆ. ಜನರೆಲ್ಲ ನಕ್ಕರು.

ನಾವು ನೇಯುವ ಸೀರೆಯ ಮೈಗೆ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಈ ಸಿನಿಮಾದವರು ಬೇರೆ ಯಾವುದೋ ಸೀರೆಯ ಸೆರಗು ಕತ್ತರಿಸಿ ಹೊಲಿದು ಹಚ್ಚಿದರು.

"ಸಿನಿಮಾ ಅದು, ಮನಸಿಗ್ಯಾಕ ಹಚ್ಕೋತಿ ಬಿಡಲೇ," ಎಂದ ಖಾಸಿಂಸಾಬ.

ನನ್ನ ಮಗ್ಗದ ಕೊಂಡಿಗಳನ್ನೆಲ್ಲ ಹಾಕುತ್ತಿದ್ದವಳು ನನ್ನ ಹೆಂಡತಿ ನೀಲವ್ವ. ಅವಳು ತೀರಿಹೋಗಿ ಎಂಟು ತಿಂಗಳು. ಚಲೋ ಹಾಕೀದಿ ಎಂದು ನಾನು ಒಮ್ಮೆಯೂ ಅಂದವನಲ್ಲ.

ಜನ ನಗುವಾಗ ಕತ್ತಲಲ್ಲಿ ನನ್ನ ಕೈಗಳು ಇನ್ನೂ ಮುಗಿದೇ ಇದ್ದವು.