ಕೊನೆಯವಳ ಜೊತೆ

ಪ್ರೀತಿಯ ಮಿಸ್,

ಮದುವೆಯಾಗಿ ತಿಂಗಳಾಯಿತು, ಖುಷಿಗೆ ಕಾಲು ನೆಲಕ್ಕೇ ತಾಗುತ್ತಿಲ್ಲ! ಶಾಲೆಯಲ್ಲಿ ನಮ್ಮ ಗ್ರೀನ್ ಹೌಸಿನವರು ಓಟ ಮುಗಿಸಿದ ಮೇಲೆ ಹಿಂದಕ್ಕೆ ಬಂದು, ಕೊನೆಯವಳ ಜೊತೆ ಮತ್ತೆ ಓಡಬೇಕೆಂದು ನೀವು ನಿಯಮ ಮಾಡಿದ್ದಿರಲ್ಲ? ಆ ಕೊನೆಯವಳು ಯಾವಾಗಲೂ ನಾನೇ. ಇಲ್ಲಿ ಊಟದಲ್ಲಿ ಅತ್ತೆ ಕೊನೆ. ಎಲ್ಲರೂ ಎದ್ದುಹೋದ ಮೇಲೆ ಒಬ್ಬರೇ ಉಣ್ಣುತ್ತಿದ್ದರು. ಒಂದು ದಿನ ನನ್ನ ಊಟ ಮುಗಿದರೂ ಎದ್ದೇಳದೆ ಅವರ ಪಕ್ಕದಲ್ಲೇ ಕೂತೆ.

“ಕೈ ಒಣಗತ್ತೆ, ಏಳೇ ಹುಡುಗಿ.”

“ಗ್ರೀನ್ ಹೌಸಿನವರು ಏಳಲ್ಲ ಅತ್ತೆ,” ಎಂದು ನಮ್ಮ ಓಟದ ಕಥೆ ಹೇಳಿದೆ.

ಮಾರನೆಯ ದಿನ ನಮ್ಮವರೂ ಕೂತರು, ಆಮೇಲೆ ಗೊಣಗುತ್ತಲೇ ಮಾವನೂ. ನಿನ್ನೆ ಅತ್ತೆ ಮೆಲ್ಲಗೆ ಕೇಳಿದರು: “ಈ ವಯಸ್ಸಲ್ಲಿ ನಿಮ್ಮ ಹೌಸಿಗೆ ಸೇರಿಸ್ಕೋತಾರೇನೇ?”

ದಯವಿಟ್ಟು ಅತ್ತೆಗೆ ಒಂದು ಹಸಿರು ಬ್ಯಾಡ್ಜ್ ಕಳಿಸಿ ಮಿಸ್. ಚಿಕ್ಕದು ಬೇಡ, ಮಾವನಿಗೆ ದೂರದಿಂದಲೇ ಕಾಣಬೇಕಂತೆ.

ನಿಮ್ಮ
ಆಮೆ