ಬೆಣ್ಣಿಹಳ್ಳದ ಹಲ್ಲವ್ವ

ರೋಣ
ತಾ. ೯-೭-೧೯೫೭, ಮಂಗಳವಾರ

ಪುಣೆಯಲ್ಲಿ ಆನೆಹಲ್ಲುಗಳ ಯೋಗಕ್ಷೇಮ ನೋಡಿಕೊಂಡಿರುವ ನಮ್ಮ ಮನೆಯವರಿಗೆ ಗೌರವ್ವನ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಮಳೆ ಹಿಡಿದಾಗಿನಿಂದ ಅತ್ತೆಯವರ ಮೊಣಕಾಲು ಹಟ ಮಾಡುತ್ತಿದೆ, ಬಾಯಿ ಮಾತ್ರ ಮೊದಲಿನಂತೆ ಚುರುಕಾಗಿದೆ. ಬೆಳವಣಕಿಯ ಹೊಲದಲ್ಲಿ ಹೆಸರು ಹುಟ್ಟಿ ನಾಲ್ಕೆಲೆ ಆಗಿದೆ. ನಿಮ್ಮ ಪತ್ರ ಮುಟ್ಟಿತು. ನಾನು ಹಳ್ಳದಲ್ಲಿ ಆರಿಸಿಟ್ಟ ಹಲ್ಲಿನ ಮೇಲೆ ಸಾಲು ಎಷ್ಟಿವೆ, ಬೇರು ಮುರಿದಿದೆಯೋ ಹೇಗೆ, ತೊಳೆಯಬೇಡ, ಅಂಟಿದ ಮಣ್ಣನ್ನು ಹಾಗೇ ಬಿಡು ಎಂದು ಎರಡೂ ಮಗ್ಗುಲು ತುಂಬ ಬರೆದು, ಕೊನೆಗೆ ಜಾಗ ಉಳಿಯಿತೆಂದೋ ಏನೋ, ನೀನು ಸೌಖ್ಯವೇ ಎಂದು ಕೇಳಿದ್ದೀರಿ. ನಾನೂ ಸೌಖ್ಯ, ನನ್ನ ಹಲ್ಲುಗಳೂ ಸೌಖ್ಯ.

ಈ ಹುಚ್ಚನ್ನು ನಿಮಗೆ ಹಚ್ಚಿದವಳು ನಾನೇ ಎಂದು ಅತ್ತೆಯವರು ಇಂದಿಗೂ ಹೇಳುತ್ತಾರೆ. ಮದುವೆಯಾದ ಹೊಸದರಲ್ಲಿ ನರಗುಂದಕ್ಕೆ ನಿಮ್ಮ ಸೋದರಮಾವನ ಮನೆಗೆ ಹೋಗಿದ್ದೆವಲ್ಲ. ಅವರ ಬಚ್ಚಲಲ್ಲಿ ಹಿಮ್ಮಡ ತಿಕ್ಕಲು ಒಂದು ಗೆರೆಗೆರೆಯ ಕಲ್ಲು ಇತ್ತು. ನಾನು ಮೈತೊಳೆದು ಬಂದು, "ನಿಮ್ಮ ಮಾವನ ಮನಿ ಕಲ್ಲು ಭಾಳ ಚಲೋ ಐತ್ರಿ, ಹಿಮ್ಮಡ ಹ್ಯಾಂಗ ಆಗ್ಯಾವ ನೋಡ್ರಿ" ಎಂದು ನಾಚಿಕೆ ಬಿಟ್ಟು ಸೀರೆಯ ಅಂಚು ಎತ್ತಿ ತೋರಿಸಿದೆ. ಬೇರೆ ಗಂಡಸಾಗಿದ್ದರೆ ಹಿಮ್ಮಡ ನೋಡುತ್ತಿದ್ದ. ನೀವು ಬಚ್ಚಲಿಗೆ ಓಡಿದಿರಿ. ಕಲ್ಲನ್ನು ಅಂಗಳದ ಬಿಸಿಲಿಗೆ ತಂದು ತಿರುವಿ ಮುರುವಿ ನೋಡಿ, "ಇದು ಕಲ್ಲಲ್ಲ ಗೌರಿ, ಹಲ್ಲು. ಆನಿ ಹಲ್ಲು. ನಮ್ಮ ಅಜ್ಜನ ಅಜ್ಜ ಹುಟ್ಟೂಕಿಂತ ಎಷ್ಟೋ ಮೊದಲಿಂದು" ಎಂದಿರಿ. ಆಗ ನಿಮ್ಮ ಮುಖ ಹೇಗಿತ್ತೆಂಬುದನ್ನು ನಾನು ಮರೆತಿಲ್ಲ. ಯಾರಾದರೂ ನನ್ನನ್ನು ಹಾಗೆ ನೋಡಲಿ ಎಂದು ಅನಿಸಿತ್ತು.

ಆಮೇಲೆ ನನ್ನನ್ನೂ ಪಳಗಿಸಿದಿರಿ. ಈಗಿನ ಆನೆಯ ಹಲ್ಲಾದರೆ ಹಪ್ಪಳಗಳನ್ನು ನೆಟ್ಟಗೆ ನಿಲ್ಲಿಸಿ ಒತ್ತಿಟ್ಟಂತೆ ತೆಳ್ಳನೆಯ ಬಿಲ್ಲೆಗಳು. ಅದರ ದಾಯಾದಿ, ಎಂದೋ ಅಳಿದುಹೋದ ಸ್ಟೆಗೊಡಾನ್ ಆದರೆ ಹರಗಿದ ಹೊಲದಂತೆ ತಗ್ಗು ಸಾಲುಗಳು. ಮುಲ್ಕಿ ಪರೀಕ್ಷೆ ಪಾಸಾದವಳೆಂದು ಗಜೇಂದ್ರಗಡದಿಂದ ನನ್ನನ್ನು ತಂದುಕೊಂಡರು. ಆ ಓದು ಹಳ್ಳದ ದಂಡೆಯಲ್ಲಿ ಖರ್ಚಾಯಿತು. ಎಲುಬು ಕಲ್ಲಾಗಿದೆಯೋ ಇಲ್ಲವೋ ತಿಳಿಯಲು ನಾಲಿಗೆ ಹಚ್ಚಿ ನೋಡು, ಕಲ್ಲಾದದ್ದು ನಾಲಿಗೆಗೆ ಅಂಟುತ್ತದೆ ಎಂದಿರಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳಿಂದ ಎಲುಬು ನೆಕ್ಕಿಸಿದ ಪುಣ್ಯಾತ್ಮರು ನೀವು. ಅತ್ತೆಯವರಿಗೆ ಇದು ಇನ್ನೂ ಗೊತ್ತಿಲ್ಲ. ಗೊತ್ತಾದ ದಿನ ನಾವಿಬ್ಬರೂ ಪುಣೆಯಲ್ಲಿರುವುದು ಒಳ್ಳೆಯದು.

ಆದರೆ ಈ ಹಲ್ಲುಗಳ ಕೆಲಸಕ್ಕೆಂದು ಪುಣೆಯ ಕಾಲೇಜಿಗೆ ನೀವೊಬ್ಬರೇ ಹೋದಿರಿ. ಕೋಣೆ ಸಿಕ್ಕೊಡನೆ ಕರೆಸಿಕೊಳ್ಳುತ್ತೇನೆ ಎಂದಿರಿ. ಕೋಣೆ ಸಿಕ್ಕಿತು, ಆದರೆ ಕಾಲೇಜಿನಲ್ಲಿ ಹಿಡಿಸದ ಹಲ್ಲುಗಳೆಲ್ಲ ಅಲ್ಲಿಗೆ ಬಂದು ಕುಳಿತಿವೆ, ಒಬ್ಬ ಮಲಗಲೂ ಜಾಗವಿಲ್ಲ ಎಂದು ನೀವೇ ಬರೆದಿರಿ. ಬದುಕಿದ್ದ ಸವತಿಯಾಗಿದ್ದರೆ ಜಡೆ ಹಿಡಿದು ಜಗಳವಾಡುತ್ತಿದ್ದೆ. ಹೋದ ದೀವಳಿಗೆಗೆ ಬಂದಿರಿ. ಬಂದಷ್ಟೂ ದಿನ ಹಳ್ಳದ ಗರಸಿನಲ್ಲಿ, ಆ ಹರಳುಗಲ್ಲುಗಳಲ್ಲಿ, ಕೈಯಾಡಿಸುತ್ತ ಕುಳಿತು, ಹೊರಡುವಾಗ ಬಾಗಿಲಲ್ಲಿ ನಿಂತು, "ನೀರಾಗ ಉರುಳಿ ಬಂದ ಹಲ್ಲಿಗೆ ಊರಿಲ್ಲ ಗೌರಿ. ದಂಡ್ಯಾಗ ತಾನಿದ್ದ ಜಾಗಾದಾಗನ ಒಂದು ದವಡಿ ಸಿಕ್ಕರ ಸಾಕು, ಅವತ್ತ ಬಂದುಬಿಡ್ತೇನಿ" ಎಂದಿರಿ. ಆ ಮಾತನ್ನು ನೀವು ಮರೆತಿರಬಹುದು. ನಾನು ಅದನ್ನೇ ಹಿಡಿದುಕೊಂಡು ದಂಡೆ ತಿರುಗುತ್ತಿದ್ದೇನೆ.

ಆ ದವಡೆ ಸಿಕ್ಕಿದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಮೊದಲು ಹೆಸರು ನೋಡಿ ಬರುತ್ತೇನೆಂದು ಚಕ್ಕಡಿ ಕಟ್ಟಿಸಿಕೊಂಡು ಹೊಲಕ್ಕೆ ಹೋಗಿದ್ದೆ. ಹೊಲದ ಬದುವು ಮುಗಿದು ಬೆಣ್ಣಿಹಳ್ಳ ತಿರುಗುವಲ್ಲಿ ದಂಡೆ ಕುಸಿದಿತ್ತು. ಮೇಲೆ ಎರೆಮಣ್ಣು, ಕೆಳಗೆ ನೀವು ಹೇಳುವ ಗರಸಿನ ಪದರು. ಆ ಪದರಿನಲ್ಲಿ ಕೆಳದವಡೆ ಮಗ್ಗುಲಾಗಿ ಮಲಗಿತ್ತು. ತಗ್ಗು ಸಾಲುಗಳು, ನಿಮ್ಮ ಸ್ಟೆಗೊಡಾನೇ ಸರಿ. ನಾಲಿಗೆ ಹಚ್ಚಿಯೂ ನೋಡಿದೆ, ಅಂಟಿತು. ಮುಂದಿನ ಹಲ್ಲು ಸವೆದು ನುಣ್ಣಗಾಗಿದೆ, ಹಿಂದಿನಿಂದ ಹೊಸದೊಂದು ಅದನ್ನು ದಬ್ಬುತ್ತ ಬರುತ್ತಿದೆ. ಆನೆಗೆ ಹಲ್ಲು ಕೆಳಗಿನಿಂದ ಹುಟ್ಟುವುದಿಲ್ಲ, ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ ಎಂದು ನೀವು ಹೇಳಿದಾಗ ನಾನು ನಂಬಿರಲಿಲ್ಲ. ಅತ್ತೆಯ ಒಲೆಯ ಮುಂದೆ ಸೊಸೆ ಬಂದು ನಿಂತ ಹಾಗೆ ಎರಡೂ ಒಂದೇ ದವಡೆಯಲ್ಲಿ ಇದ್ದವು. ಸವೆಯದ ಹಲ್ಲಿನ ಸಾಲುಗಳ ಮೇಲೆ ಬೆರಳಾಡಿಸಿದರೆ ಇನ್ನೂ ಹರಿತವಾಗಿ ತಾಗುತ್ತಿದ್ದವು.

ಕೀಳಲಿಲ್ಲ. ನಾನು ಬರುವತನಕ ದಂಡೆಯಲ್ಲಿದ್ದದ್ದನ್ನು ಮುಟ್ಟಬೇಡ ಎಂದು ನೀವೇ ಹೇಳಿದ್ದಲ್ಲವೇ? ಆದರೆ ನಮ್ಮ ಹೊಲ ಮಾಡುವ ಗೋಣೆಪ್ಪ ಹಿಂದೆಯೇ ನಿಂತಿದ್ದ. "ಅವ್ವಾರ, ನಾಳೆ ಮಂದಿ ಮಣ್ಣಿಗೆ ಬರ್ತಾರ್ರಿ. ಎತ್ತು ಮಾಡಾಕ ಈ ದಂಡಿ ಮಣ್ಣು ಚಲೋ ಅಂತ ಎಲ್ಲಾರೂ ಇಲ್ಲೇ ಅಗೀತಾರ್ರಿ" ಎಂದ. ಊರವರು ಮಣ್ಣೆತ್ತು ಮಾಡಲು ಗುದ್ದಲಿ ಹಾಕಿದರೆ ನಿಮ್ಮ ದವಡೆ ನುಚ್ಚಾಗುತ್ತದೆ. ಬೆಲೆಬಾಳುವ ವಸ್ತು ಎಂದು ಹೇಳಿದರಂತೂ ರಾತ್ರಿಯೇ ಮಾಯವಾಗುತ್ತದೆ. ಏನು ಮಾಡಲಿ? ಹೊಲದ ಪೂಜೆಗೆಂದು ತಂದ ಅರಿಷಿಣ ಕುಂಕುಮ ಬುಟ್ಟಿಯಲ್ಲಿತ್ತು. ದವಡೆಗೆ ಗರಸು ಮುಚ್ಚಿ, ಆ ಎರಡು ಹಲ್ಲುಗಳಷ್ಟೇ ಕಾಣುವಂತೆ ಬಿಟ್ಟು, ಮುಂದೊಂದು ಕಲ್ಲಿಟ್ಟು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿದೆ. ನಿಮ್ಮ ಹಲ್ಲಿಗೆ ಬಣ್ಣ ಸೋಕಿಸಲಿಲ್ಲ, ಗಾಬರಿ ಬೀಳಬೇಡಿರಿ. ಗೋಣೆಪ್ಪ ಕಾಲಿನ ಮೆಟ್ಟು ತೆಗೆದು ತಾನೂ ಕೈಮುಗಿದ. ಅಮಾವಾಸ್ಯೆಗೆ ಮಂದಿ ಬಂದರು, ನೋಡಿದರು, ಆ ಜಾಗ ಬಿಟ್ಟು ಆಚೆ ಅಗೆದುಕೊಂಡು ಹೋದರು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಗೋಣೆಪ್ಪನ ಹೆಂಡತಿ ಹೊಳೆವ್ವನ ಮೊಮ್ಮಗುವಿಗೆ ಹಲ್ಲು ಬರುವ ಜ್ವರ. ಅವಳು ಆ ಕಲ್ಲಿಗೆ ಎಣ್ಣೆ ಎರೆದು ಬಂದಳಂತೆ, ಮರುದಿನ ಹಲ್ಲು ಒಡೆದು ಜ್ವರ ಇಳಿಯಿತಂತೆ. "ಹಲ್ಲವ್ವ ಕಣ್ಣು ತೆರದಾಳ್ರಿ ಅವ್ವಾರ, ನಿಮ್ಮ ಕೈಗುಣ" ಎಂದು ನನ್ನ ಕಾಲಿಗೇ ಬಿದ್ದಳು. ಅಲ್ಲಿಂದ ಜಕ್ಕಲಿಯವರೆಗೂ ಸುದ್ದಿ ಹೋಗಿ, ಎಳೆಗೂಸುಗಳ ತಾಯಂದಿರು ಎಣ್ಣೆ ಕಾಯಿ ಹಿಡಿದು ಬರತೊಡಗಿದರು. ನಿಮ್ಮ ಪ್ರೊಫೆಸರರು ಕೇಳಿದರೆ ಏನು ಹೇಳುತ್ತೀರೋ, ನೀವುಂಟು ಅವರುಂಟು.

ನಗಬೇಡಿರಿ. ಮೊಣಕಾಲು ನೋವಿನ ನಿಮ್ಮ ತಾಯಿಯವರು ಕೂಡ ಚಕ್ಕಡಿ ಹತ್ತಿ ಹೋಗಿ ಅದರ ಮುಂದೆ ಕುಳಿತು ಏನೋ ಬೇಡಿಕೊಂಡರು. ಏನೆಂದು ಕೇಳಿದೆ. "ನಿನಗ ಯಾಕ ಬೇಕು" ಎಂದು ಗದರಿದರು. ದಾರಿಯುದ್ದಕ್ಕೂ ನಿಮ್ಮ ಹೆಸರು ಹೇಳುತ್ತ ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಅದು ಆನೆಯ ದಾಯಾದಿಯ ದವಡೆ ಎಂದು ಬೆಳವಣಕಿಯಲ್ಲೆಲ್ಲ ನನ್ನೊಬ್ಬಳಿಗೇ ಗೊತ್ತು. ಕುಂಕುಮ ಹಚ್ಚಿದವಳೂ ನಾನೇ. ಅಷ್ಟಿದ್ದೂ ಅತ್ತೆಯವರು ಚಕ್ಕಡಿ ಹತ್ತುವಾಗ ಹಿಂದೆ ಉಳಿದು ನಾನೂ ಅದನ್ನೇ ಬೇಡಿಕೊಂಡೆ.

ಇನ್ನು ಮುಖ್ಯ ವಿಷಯ. ತಮ್ಮ ಗುರುಸಂಗಪ್ಪ ಹೋದ ಸೋಮವಾರ ಗಜೇಂದ್ರಗಡದಿಂದ ಬಂದಿದ್ದ. ನಾಗರಪಂಚಮಿಗೆ ಕರೆಯಲು ಬರುತ್ತಾನೆ. "ಅಕ್ಕಾ, ಈ ಸಲ ಕರಕೊಂಡು ಹೋದ್ರ ಹೊಳ್ಳಿ ಕಳಸೂದಿಲ್ಲ. ಮಾವ ತಾನ ಪುಣೆಯಿಂದ ಬಂದು ಕರೀಲಿ. ಗಂಡ ಇಲ್ಲದ ಮನ್ಯಾಗ ಎಷ್ಟು ದಿನಾ ಇರ್ತಿ?" ಎಂದ. ಅಪ್ಪನ ಮಾತೂ ಅದೇ ಅಂತೆ. ಅತ್ತೆಯವರು ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸಪ್ಪಳ ನಿಂತಿತು. ಪಂಚಮಿಗೆ ಮೊದಲು ನೀವು ಬಂದರೆ ನಾನು ಈ ಮನೆ ಬಿಟ್ಟು ಹೋಗುವುದಿಲ್ಲ. ಬಾರದಿದ್ದರೆ ಗುರುಸಂಗಪ್ಪನ ಚಕ್ಕಡಿ ಹತ್ತುತ್ತೇನೆ. ಬೆದರಿಕೆ ಹಾಕುತ್ತಿಲ್ಲ. ಕಾಯುವುದೂ ಒಂದು ದಿನ ಸವೆಯುತ್ತದೆ.

ಆದ್ದರಿಂದ ರಜೆ ಕೇಳಿಕೊಂಡು ಹೊರಡಿರಿ. ದವಡೆ ಅಲ್ಲೇ ಇದೆ. ಹಳ್ಳ ತುಂಬಿ ಬಂದರೆ ದಂಡೆ ಉಳಿಯುವುದಿಲ್ಲ, ನಿಮಗೆ ಗೊತ್ತೇ ಇದೆ. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಹೊಳೆಆಲೂರಲ್ಲಿ ಇಳಿದರೆ ಗೋಣೆಪ್ಪ ಚಕ್ಕಡಿ ತಂದಿರುತ್ತಾನೆ. ಹಲ್ಲವ್ವನನ್ನು ಎಬ್ಬಿಸುವುದು ಹೇಗೆಂದು ಚಿಂತೆ ಬೇಡ, ಕೂರಿಸಿದವಳೇ ಊರವರಿಗೆ ಏನಾದರೂ ಹೇಳುತ್ತೇನೆ.

ನಿಮ್ಮ ಹೆಸರನ್ನು ನಾನು ಬಾಯಿಂದ ಹೇಳುವಂತಿಲ್ಲ. ಲಕೋಟೆಯ ಮೇಲೆ ಅಂದಾನಪ್ಪ ಎಂದು ಬರೆಯುವಾಗಲಷ್ಟೇ ಅದು ನನಗೆ ಸಿಗುತ್ತದೆ. ಅದಕ್ಕೇ ವಿಳಾಸವನ್ನು ನಿಧಾನವಾಗಿ ಬರೆಯುತ್ತೇನೆ. ನೀವು ಇಲ್ಲದೆ ನನಗೆ ಬಹಳ ಬೇಸರವಾಗಿದೆ. ಇದನ್ನು ಇಷ್ಟು ದಿನ ಹಲ್ಲಿನ ಸಾಲುಗಳ ಲೆಕ್ಕದ ನಡುವೆ ಬರೆಯಲು ಜಾಗವಿರಲಿಲ್ಲ.

ದಾರಿ ನೋಡುತ್ತಿರುವ,
ನಿಮ್ಮ ಗೌರವ್ವ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ದವಡೆ ಅಲ್ಲಿಲ್ಲ. ಹೋದ ಶುಕ್ರವಾರವೇ ಹಳ್ಳ ತುಂಬಿ ಬಂದಿತು. "ದಂಡಿ ಸುದ್ದಾ ಉಳದಿಲ್ರಿ ಅವ್ವಾರ" ಎಂದು ಗೋಣೆಪ್ಪ ಹೇಳಿದ. ನಂಬದೆ ನಾನೇ ಹೋಗಿ ಮೊಣಕಾಲುದ್ದ ಕೆಸರಿನಲ್ಲಿ ಸಂಜೆಯತನಕ ಕೈಯಾಡಿಸಿದೆ, ಒಂದು ಚೂರೂ ಸಿಗಲಿಲ್ಲ. ಈ ಪತ್ರ ಬರೆಯಲು ಕುಳಿತಾಗಲೇ ಇದೆಲ್ಲ ಗೊತ್ತಿತ್ತು. ದವಡೆಯ ಆಸೆಗೆ ಬರುತ್ತೀರಿ, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಹಾಗೆ ಬಂದರೆ ನೀವು ಯಾರಿಗಾಗಿ ಬಂದಿರಿ ಎಂಬುದು ನನಗೆ ಜನ್ಮವಿಡೀ ತಿಳಿಯುತ್ತಿರಲಿಲ್ಲ. ಈಗ ಇಲ್ಲಿ ನೋಡಲು ನಾನೊಬ್ಬಳೇ ಇದ್ದೇನೆ. ಚಕ್ಕಡಿ ಮಾತ್ರ ಸ್ಟೇಷನ್ನಿಗೆ ಕಳಿಸುತ್ತೇನೆ, ಯಾವ ದಿನ ಎಂದು ಬರೆಯಿರಿ.